‘ಮತ್ತ ಬರ್ತದೇನು?’ – ಮರುಕಂಪನಗಳ ಲೆಕ್ಕಾಚಾರ

2022ರ ಜುಲೈ 2, ರಾತ್ರಿ 1 ಗಂಟೆ 32 ನಿಮಿಷ. ನಾವು ಅಣ್ಣ-ತಂಗಿ ಇಬ್ಬರೂ ಕಾಲೇಜಿನ ರಜೆಗೆಂದು ಬರ್ ದುಬೈನ ಮನೆಗೆ ಬಂದಿದ್ವಿ. ಮಲಗಿದ್ದ ಮಂಚ ಯಾರೋ ತೂಗಿದ ಹಾಗೆ ಅಲ್ಲಾಡಿತು. ಎಲ್ಲರೂ ಮೆಟ್ಟಿಲಿಳಿದು ಕೆಳಗೆ ಓಡಿದ್ವಿ. ಜುಲೈ ತಿಂಗಳ ಸೆಕೆಯಲ್ಲಿ ಇಡೀ ಬಿಲ್ಡಿಂಗಿನ ಜನ ಮೊಬೈಲ್ ಹಿಡಿದು ಪಾರ್ಕಿಂಗಿನಲ್ಲಿ ನಿಂತಿದ್ರು. ಅರ್ಧ ಗಂಟೆ ಕಳೆದ ಮೇಲೆ ಒಬ್ಬೊಬ್ಬರಾಗಿ ಮೇಲೆ ಹೋಗತೊಡಗಿದರು. ಅಮ್ಮ ಮಾತ್ರ ಕದಲಲಿಲ್ಲ. “ಮತ್ತ ಬರ್ತದೇನು? ಇಬ್ರೂ ಎಂಜಿನಿಯರಿಂಗ್ ಓದ್ಲಿಕತ್ತೀರಿ, ಹೇಳ್ರಿ” ಅಂದರು.

“ಬಂದರೂ ಇದಕ್ಕಿಂತ ಚಿಕ್ಕದು ಬರುತ್ತಮ್ಮ, ನಡಿ” ಅಂತ ಧೈರ್ಯವಾಗಿ ಹೇಳಿ ಕರೆದುಕೊಂಡು ಹೋದ್ವಿ. 3 ಗಂಟೆ 24ಕ್ಕೆ ಮನೆ ಮತ್ತೆ ಅಲ್ಲಾಡಿತು. ಮೊದಲಿನಷ್ಟೇ ಜೋರಾಗಿ.

ಅಮ್ಮನ ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ಅವರು ಕಲಬುರಗಿಯವರು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ಬಂದು ಜನ ಮಲಗಿದ್ದ ಹೊತ್ತಿಗೆ, ಗಡಿಯಾಚೆ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ 6.2 ತೀವ್ರತೆಯ ಭೂಕಂಪವಾಯಿತು. ಸುಮಾರು 10 ಸಾವಿರ ಜನ ಸತ್ತರು. ಆಮೇಲೆ ಎಷ್ಟೋ ದಿನ ಅಮ್ಮನ ಓಣಿಯವರು ಅಂಗಳದಲ್ಲೇ ಮಲಗುತ್ತಿದ್ದರಂತೆ. ಅವರ ಪ್ರಶ್ನೆಗೆ ಅಂದು ನಾವು ಕೊಟ್ಟ ಉತ್ತರ ಎಲ್ಲಿ ತಪ್ಪಿತು? ಅದನ್ನು ಹುಡುಕುತ್ತಾ ಹೋದಾಗ ಸಿಕ್ಕಿದ್ದೇ ಈ ಲೇಖನ.

ಮರುಕಂಪನ ಯಾಕೆ ಬರುತ್ತೆ?

ನಮ್ಮ ಕಾಲ ಕೆಳಗಿರುವ ಅರೇಬಿಯನ್ ಫಲಕ ವರ್ಷಕ್ಕೆ ಸುಮಾರು 2 ಸೆಂಟಿಮೀಟರಿನಂತೆ ಇರಾನಿನ ಕಡೆಗೆ ಒತ್ತುತ್ತಾ ಇದೆ. ಆ ಒತ್ತಡ ಗಲ್ಫ್‌ನ ಆಚೆ ದಡದ ಬಂಡೆಗಳಲ್ಲಿ ಸೇರಿಕೊಂಡು, ಒಂದು ದಿನ ಹಳೆಯ ಬಿರುಕೊಂದು ಜಾರುತ್ತದೆ. ಹಾಗಂತ ಒತ್ತಡ ಪೂರ್ತಿ ಮುಗಿಯಲ್ಲ. ಹಳೆ ಸೀರೆ ಹರಿದಾಗ ನೋಡಿ: ಹರಿದ ಜಾಗ ಸಡಿಲವಾಗುತ್ತೆ, ಆದರೆ ಹರುಕಿನ ತುದಿಯಲ್ಲಿರುವ ನೂಲುಗಳ ಮೇಲೆ ಎಳೆತ ಹೆಚ್ಚಾಗುತ್ತೆ. ಭೂಮಿಯೊಳಗೂ ಹಾಗೆಯೇ, ಜಾರಿದ ಭಾಗದ ಅಕ್ಕಪಕ್ಕದ ಬಿರುಕುಗಳ ಮೇಲೆ ಹೊಸ ಭಾರ ಬೀಳುತ್ತೆ. ಅವು ಒಂದೊಂದಾಗಿ ಜಾರುವುದೇ ಆಫ್ಟರ್‌ಶಾಕ್, ಅಂದರೆ ಮರುಕಂಪನ.

ಒಮೊರಿಯ ಲೆಕ್ಕ

1891ರಲ್ಲಿ ಜಪಾನಿನ ನೋಬಿ ಎಂಬಲ್ಲಿ ದೊಡ್ಡ ಭೂಕಂಪವಾಯಿತು. ಫುಸಾಕಿಚಿ ಒಮೊರಿ ಎಂಬ ವಿಜ್ಞಾನಿ ಅದರ ಮರುಕಂಪನಗಳನ್ನು ಎಣಿಸಿ, 1894ರಲ್ಲಿ ಒಂದು ಸರಳ ನಿಯಮ ಹೇಳಿದರು: ಮರುಕಂಪನಗಳ ಸಂಖ್ಯೆ ಕಳೆದ ಕಾಲಕ್ಕೆ ವಿಲೋಮವಾಗಿ ಇಳಿಯುತ್ತೆ. ಉದಾಹರಣೆಗೆ ಮೊದಲ ದಿನ 100 ಬಂದರೆ, 2ನೇ ದಿನ ಸುಮಾರು 50, 10ನೇ ದಿನ 10, 100ನೇ ದಿನ 1.

ನಾವು ಲ್ಯಾಬ್‌ನಲ್ಲಿ ನೋಡಿದ ಕೆಪಾಸಿಟರ್ ಡಿಸ್ಚಾರ್ಜ್ ಹೀಗಿರಲ್ಲ. ಅದು ಬೇಗ ಇಳಿದು ಮುಗಿದುಹೋಗುತ್ತೆ. ಒಮೊರಿಯ ರೇಖೆಗೆ ಬಾಲ ಉದ್ದ. 1ರಿಂದ 10ನೇ ದಿನದವರೆಗೆ ಎಷ್ಟು ಬರುತ್ತವೋ, 10ರಿಂದ 100ನೇ ದಿನದವರೆಗೂ ಹೆಚ್ಚುಕಡಿಮೆ ಅಷ್ಟೇ ಬರುತ್ತವೆ. ನೋಬಿಯ ಮರುಕಂಪನಗಳು ನೂರು ವರ್ಷವಾದರೂ ಇದೇ ರೇಖೆಯ ಮೇಲೆ ಬರುತ್ತಿದ್ದವು. ಅಂಗಳದಲ್ಲಿ ಮಲಗಿದ್ದ ಅಮ್ಮನ ಓಣಿಯವರ ಹೆದರಿಕೆಗೆ ಕಾರಣ ಇತ್ತು ಅನ್ನೋದು ಇಲ್ಲೇ ಗೊತ್ತಾಗುತ್ತೆ.

ಚಿಕ್ಕದೇ ಬರಬೇಕಾ?

ಇನ್ನೊಂದು ನಿಯಮ ಗುಟೆನ್‌ಬರ್ಗ್ ಮತ್ತು ರಿಕ್ಟರ್ ಅವರದು. ತೀವ್ರತೆ 1 ಅಂಕ ಹೆಚ್ಚಾದರೆ ಕಂಪನಗಳ ಸಂಖ್ಯೆ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತೆ. 5 ತೀವ್ರತೆಯದು ಒಂದು ಬಂದರೆ, 4ರದ್ದು ಹತ್ತು, 3ರದ್ದು ನೂರು. ಮೂರನೆಯದು ಬೋತ್ ನಿಯಮ: ಅತಿ ದೊಡ್ಡ ಮರುಕಂಪನ ಮುಖ್ಯ ಕಂಪನಕ್ಕಿಂತ ಸರಾಸರಿ 1.2 ಅಂಕ ಕಡಿಮೆ ಇರುತ್ತೆ.

ಅಮ್ಮನಿಗೆ ನಾವು ಹೇಳಿದ್ದು ಇದನ್ನೇ. ಆದರೆ ‘ಸರಾಸರಿ’ ಅನ್ನೋ ಪದ ನುಂಗಿಬಿಟ್ಟಿದ್ವಿ. ಆ ರಾತ್ರಿ ಹೊರ್ಮೊಜ್ಗಾನ್‌ನಲ್ಲಿ 6ರ ಆಸುಪಾಸಿನ ಕಂಪನ ಆಗಿ ಎರಡು ಗಂಟೆಯಲ್ಲೇ ಹೆಚ್ಚುಕಡಿಮೆ ಅಷ್ಟೇ ದೊಡ್ಡದು ಮತ್ತೆ ಬಂತು. 2021ರ ನವೆಂಬರ್ 14ರಂದು ಅದೇ ಪ್ರಾಂತ್ಯದಲ್ಲಿ ಇನ್ನೂ ವಿಚಿತ್ರವಾಗಿತ್ತು. ಮೊದಲು 6.0, ಒಂದೆರಡು ನಿಮಿಷದಲ್ಲಿ 6.4. ಎರಡನೆಯದೇ ದೊಡ್ಡದಾದ ಕೂಡಲೇ ಮೊದಲನೆಯದರ ಹೆಸರೇ ಬದಲಾಯಿತು, ಅದು ‘ಮುನ್‌ಕಂಪನ’ ಆಯಿತು. ಅಂದರೆ ಯಾವುದು ಮುಖ್ಯ, ಯಾವುದು ಮರು ಅನ್ನೋದು ಎಲ್ಲ ಮುಗಿದ ಮೇಲೆ ಇಡುವ ಹೆಸರು. ಒಂದು ಕಂಪನದ ನಂತರ ವಾರದೊಳಗೆ ಅದಕ್ಕಿಂತ ದೊಡ್ಡದು ಬರುವ ಸಾಧ್ಯತೆ ನೂರಕ್ಕೆ ಸುಮಾರು 5 ಅಂತ ಕ್ಯಾಲಿಫೋರ್ನಿಯಾದ ದಾಖಲೆಗಳು ಹೇಳುತ್ತವೆ. ಕಡಿಮೆ ಹೌದು, ಸೊನ್ನೆ ಅಲ್ಲ.

ಜಪಾನ್ ಇದನ್ನು ನೋವಿನಿಂದ ಕಲಿಯಿತು. 2016ರ ಏಪ್ರಿಲ್ 14ರಂದು ಕುಮಾಮೊಟೊದಲ್ಲಿ 6.5 ತೀವ್ರತೆಯದು ಬಂತು. 16ರಂದು ಅಲ್ಲೇ 7.3ರದು ಬಂತು. ಅದಾದ ಮೇಲೆ ಜಪಾನಿನ ಹವಾಮಾನ ಸಂಸ್ಥೆ ತನ್ನ ಸೂಚನೆಗಳ ಮಾತನ್ನೇ ಬದಲಿಸಿತು. ‘ಮರುಕಂಪನ’ ಅಂದರೆ ಜನ ಚಿಕ್ಕದೇ ಬರುತ್ತೆ ಅಂದುಕೊಳ್ಳುತ್ತಾರೆ, ಅದಕ್ಕೆ ಈಗ ‘ಇಷ್ಟೇ ಜೋರಿನದು ಮತ್ತೆ ಬರಬಹುದು’ ಎಂದು ಎಚ್ಚರಿಸುತ್ತಾರೆ.

ಕಂಪ್ಯೂಟರ್ ಏನು ಮಾಡುತ್ತೆ?

1988ರಲ್ಲಿ ಯೊಶಿಹಿಕೊ ಒಗಾಟ ಎಂಬ ಸಂಖ್ಯಾಶಾಸ್ತ್ರಜ್ಞರು ಈ ನಿಯಮಗಳನ್ನೆಲ್ಲ ಸೇರಿಸಿ ಇಟಾಸ್ ಎಂಬ ಮಾದರಿ ಕಟ್ಟಿದರು. ಅದರ ಹೆಸರಿನಲ್ಲೇ ಸಾಂಕ್ರಾಮಿಕ ರೋಗ ಇದೆ. ಕೋವಿಡ್ ಕಂಡ ನಮಗೆ ಇದು ಸುಲಭವಾಗಿ ಅರ್ಥವಾಗುತ್ತೆ. ಒಬ್ಬರಿಂದ ಇಬ್ಬರಿಗೆ, ಅವರಿಂದ ಇನ್ನಷ್ಟು ಜನಕ್ಕೆ ಹರಡಿದ ಹಾಗೆ ಇಲ್ಲಿ ಪ್ರತಿಯೊಂದು ಕಂಪನವೂ ತನ್ನ ಮಕ್ಕಳನ್ನು ಹುಟ್ಟಿಸಬಹುದು, ಆ ಮಕ್ಕಳು ಮೊಮ್ಮಕ್ಕಳನ್ನು. ದೊಡ್ಡದಕ್ಕೆ ಮಕ್ಕಳು ಹೆಚ್ಚು. ಸರಾಸರಿ ಒಂದಕ್ಕಿಂತ ಕಡಿಮೆ ಇದ್ದರೆ ವಂಶ ನಿಧಾನಕ್ಕೆ ನಿಲ್ಲುತ್ತೆ. ಕಂಪ್ಯೂಟರ್ ಈ ವಂಶವೃಕ್ಷವನ್ನು ಸಾವಿರಾರು ಸಲ ಬೆಳೆಸಿ ನೋಡಿ, ‘ಮುಂದಿನ ವಾರ 5ಕ್ಕಿಂತ ದೊಡ್ಡದು ಬರುವ ಸಾಧ್ಯತೆ ಇಷ್ಟು’ ಎಂದು ಹೇಳುತ್ತೆ. ಯಾವ ಗಂಟೆಗೆ, ಯಾವ ಊರಲ್ಲಿ ಅಂತ ಹೇಳಲ್ಲ.

ಒಂದು ತೊಡಕೂ ಇದೆ. ದೊಡ್ಡ ಕಂಪನದ ಹಿಂದೆಯೇ ಅಲೆಗಳು ಒಂದರ ಮೇಲೊಂದು ಬರುವುದರಿಂದ ಸಣ್ಣ ಕಂಪನಗಳು ದಾಖಲೆಯಲ್ಲಿ ಮುಚ್ಚಿಹೋಗುತ್ತವೆ. ಜನಕ್ಕೆ ಉತ್ತರ ಬೇಕಾದ ಮೊದಲ ಕೆಲವು ಗಂಟೆಗಳಲ್ಲೇ ಲೆಕ್ಕಕ್ಕೆ ಮಾಹಿತಿ ಕಡಿಮೆ.

ಕೊನೆಗೆ

ಆ ರಾತ್ರಿ ನಮಗೆ ಬರೀ ಮಂಚ ಅಲ್ಲಾಡಿತ್ತು. ಆಚೆ ದಡದ ಸಾಯೆಹ್ ಖೋಶ್ ಎಂಬ ಹಳ್ಳಿ ನೆಲಸಮವಾಯಿತು. ಸತ್ತವರೆಲ್ಲ ಮೊದಲ ಕಂಪನದಲ್ಲೇ ಸತ್ತರು, ಆಮೇಲಿನ ಕಂಪನಗಳಲ್ಲಿ ಯಾರಿಗೂ ಏನೂ ಆಗಲಿಲ್ಲ, ಯಾಕಂದರೆ ಜನ ಆಗಲೇ ಮನೆಯ ಹೊರಗಿದ್ದರು ಅಂತ ಬಂದರ್ ಲೆಂಗೆಯ ಗವರ್ನರ್ ಹೇಳಿದ್ದರು. ಅವರು ಬದುಕಿದ್ದು ಅಮ್ಮ ಮಾಡಬೇಕು ಅಂದುಕೊಂಡಿದ್ದನ್ನೇ ಮಾಡಿ.

ಈಗ ಯಾರಾದರೂ ಪಾರ್ಕಿಂಗಿನಲ್ಲಿ ನಿಂತು ಅದೇ ಪ್ರಶ್ನೆ ಕೇಳಿದರೆ ನಾವು ಹೀಗೆ ಹೇಳ್ತೀವಿ: ಬರಬಹುದು. ಬಹುಶಃ ಚಿಕ್ಕದು, ಆದರೆ ಖಾತ್ರಿ ಇಲ್ಲ. ಗಂಟೆ ಕಳೆದಂತೆ ಸಾಧ್ಯತೆ ಇಳಿಯುತ್ತೆ. ಗೋಡೆ ಬಿರುಕು ಬಿಟ್ಟಿದ್ದರೆ ಒಳಗೆ ಹೋಗೋದು ಬೇಡ. ಹೋದರೂ ಲಿಫ್ಟ್ ಬೇಡ, ಚಪ್ಪಲಿ ಮಂಚದ ಪಕ್ಕದಲ್ಲೇ ಇರಲಿ. ಮತ್ತೆ, ಅಮ್ಮ ಇನ್ನೂ ಸ್ವಲ್ಪ ಹೊತ್ತು ಇಲ್ಲೇ ಕೂಡೋಣ ಅಂದರೆ ಅವರ ಜೊತೆ ಕೂತುಕೊಳ್ಳಿ.