ಅಳಗುಳಿ ಮಣೆಯ ಮುಂದೆ ಆಯಿ

ದೂಧಗಂಗೆಯ ಸೀಮೆಗೆ ಸೇರಿದ ಬೋರಗಾಂವದ ಒಂದು ಮನೆಯ ಪಡಸಾಲೆಯಲ್ಲಿ, ಬೆಳಿಗ್ಗೆ ಉಂಡುದನ್ನು ಮಧ್ಯಾಹ್ನಕ್ಕೆ ಮರೆಯುವ, ಸೊಸೆಯನ್ನೇ ತಂಗಿಯೆಂದು ಕರೆಯುವ ಎಂಬತ್ತು ದಾಟಿದ ವೃದ್ಧೆಯೊಬ್ಬರು, ಅಳಗುಳಿ ಮಣೆಯ ಗುಳಿಗುಳಿಗೂ ಹುಣಿಸೆಬೀಜ ಬಿಡುತ್ತ ‘ಎಕ, ದೋನ, ತೀನ’ ಎಂದು ತಪ್ಪಿಲ್ಲದೆ ಎಣಿಸುತ್ತಿದ್ದುದನ್ನು ಕಂಡು ನಾನು ಬೆರಗಾದೆನು. ಮನೆಮಾತು ಕನ್ನಡ, ಎಣಿಕೆ ಮಾತ್ರ ಮರಾಠಿ. ತಾರುಣ್ಯದಲ್ಲಿ ಬೀಡಿ ಸುತ್ತಿ, 25ರ ಕಟ್ಟು ಕಟ್ಟಿ, ಠೇಕೇದಾರನಿಗೆ ಅವನ ಭಾಷೆಯಲ್ಲೇ ಲೆಕ್ಕ ಒಪ್ಪಿಸಿದ ಬೆರಳುಗಳವು.

‘ಅರವತ್ತಕ್ಕೆ ಅರಳುಮರಳು’ ಎಂದು ನಾವು ನಕ್ಕು ಸುಮ್ಮನಾಗುವುದುಂಟು. ಆದರೆ ಡಿಮೆನ್ಷಿಯಾ ವಾರ್ಧಕ್ಯದ ಸಹಜಧರ್ಮವಲ್ಲ, ಮೆದುಳಿನ ವ್ಯಾಧಿ. ಅದರ ಪ್ರಮುಖ ರೂಪವನ್ನು ಜರ್ಮನಿಯ ವೈದ್ಯ ಆಲೋಯಿಸ್ ಆಲ್ಝೈಮರ್ 1906ರಲ್ಲಿಯೇ ವಿವರಿಸಿದ್ದನು. ಭಾರತದಲ್ಲಿ ಸುಮಾರು 88 ಲಕ್ಷ ವೃದ್ಧರು ಇದಕ್ಕೆ ತುತ್ತಾಗಿರುವರೆಂದು 2023ರಲ್ಲಿ ಪ್ರಕಟವಾದ ಅಂದಾಜು. ಆಲ್ಝೈಮರ್ ವ್ಯಾಧಿಯು ಹೊಸ ನೆನಪುಗಳನ್ನು ಕೂಡಿಡುವ ಹಿಪೊಕ್ಯಾಂಪಸ್ ಎಂಬ ಭಾಗವನ್ನು ಮೊದಮೊದಲೇ ಕೆಡಿಸುತ್ತದೆ; ಕೈಗೆ ರೂಢಿಯಾದ ಕೌಶಲಗಳನ್ನು ಹೊತ್ತ ಭಾಗಗಳಾದರೋ ಬಹುಕಾಲ ಉಳಿದಿರುತ್ತವೆ. ಹೆಸರು ಮರೆತವರ ಬೆರಳಿಗೆ ಎಣಿಕೆ ನೆನಪಿರುವ ಗುಟ್ಟು ಇದು.

ಈ ಉಳಿಕೆಯನ್ನೇ ಆಧಾರವಾಗಿಟ್ಟುಕೊಂಡು ಆಡಿಸುವ ಆಟಗಳು ಔಷಧದ ಜೊತೆಗೂಡಿ ನಡೆಯಬಲ್ಲವು. ಇಂಗ್ಲೆಂಡಿನಲ್ಲಿ ಏಮಿ ಸ್ಪೆಕ್ಟರ್ ಮತ್ತು ಸಹವರ್ತಿಗಳು 201 ಮಂದಿಯನ್ನು ಕುರಿತು ನಡೆಸಿ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಾರಕ್ಕೆರಡು ಬಾರಿ ಮುಕ್ಕಾಲು ಗಂಟೆಯಂತೆ ಏಳು ವಾರ ಚೆಂಡಾಟ, ಪದಗಳ ಆಟ, ಸಂಖ್ಯೆಯಾಟಗಳನ್ನು ಗುಂಪಿನಲ್ಲಿ ಆಡಿಸಿದಾಗ ಬುದ್ಧಿಶಕ್ತಿಯಲ್ಲಿಯೂ ಬಾಳಿನ ನೆಮ್ಮದಿಯಲ್ಲಿಯೂ ಕೊಂಚ ಸುಧಾರಣೆ ಕಂಡಿತು. ಆ ಪದ್ಧತಿಯಲ್ಲಿ ನನಗೆ ಅತ್ಯಂತ ಹಿಡಿಸಿದ ನಿಯಮವೊಂದುಂಟು: ‘ಇದೇನು?’ ಎಂದು ಕೇಳದೆ ‘ಇದು ನಿಮಗೆ ಹೇಗನ್ನಿಸುತ್ತದೆ?’ ಎಂದು ಕೇಳಬೇಕು. ಮೊದಲನೆಯದಕ್ಕೆ ತಪ್ಪುತ್ತರವಿದೆ, ಎರಡನೆಯದಕ್ಕಿಲ್ಲ. ಇಷ್ಟಾದರೂ ಆಟದಿಂದ ರೋಗ ವಾಸಿಯಾಗುತ್ತದೆಂದು ಬಣ್ಣದ ಡಬ್ಬಿ ಮಾರುವವರ ಮಾತನ್ನು ನಂಬಬೇಕಾದುದಿಲ್ಲ. ಹುಣಿಸೆಬೀಜಕ್ಕೆ ಕಾಸು ಬೀಳುವುದಿಲ್ಲ. ಮಣೆಯ ಹದಿನಾಲ್ಕು ಗುಳಿ ಹೆಚ್ಚೆನಿಸಿದರೆ ಆರಕ್ಕೆ ಇಳಿಸಬಹುದು, ಗುಳಿಗೆ ಐದರ ಬದಲು ಎರಡೇ ಬೀಜವಿಡಬಹುದು.

ಪಡಸಾಲೆಯಲ್ಲಿ ಅಂದು ಶಾಲೆಯಿಂದ ಬಂದ ಮೊಮ್ಮಗನು ಚೀಲವನ್ನೂ ಇಳಿಸದೆ, “ಆಯಿ, ನಾ ಯಾರ ಹೇಳ ನೋಡೋಣು?” ಎಂದನು. ಅದುವರೆಗೆ ಓಡುತ್ತಿದ್ದ ಕೈ ನಿಂತಿತು; ಆಯಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತತೊಡಗಿದರು. ಒಳಗಿನಿಂದ ಸೊಸೆ, “ಪರೀಕ್ಷಾ ತಗೋಬ್ಯಾಡೋ, ಆಡಾಕ ಕೂಡ” ಎಂದು ಗದರಿದಳು. ಹುಡುಗನು ಎದುರಿಗೆ ಕುಳಿತನು. ನಾಲ್ಕಾರು ಸುತ್ತಾದ ಮೇಲೆ, ಯಾರೂ ನೋಡುತ್ತಿಲ್ಲವೆಂಬ ಧೈರ್ಯದಿಂದ, ಅವನು ತನಗೆ ಲಾಭವಾಗುವಂತೆ ಒಂದೇ ಗುಳಿಗೆ ಜೋಡಿಬೀಜ ಜಾರಿಸಿದನು. ಆಯಿ ತಟ್ಟನೆ ಅವನ ಮಣಿಕಟ್ಟನ್ನು ಹಿಡಿದರು.

“ಕಳ್ಳಾಟ ಆಡಬ್ಯಾಡ! ಅದರಾಗ ಎರಡ ಹಾಕೀದಿ.”

ಹುಡುಗನ ಹೆಸರು ಆಗಲೂ ಅವರಿಗೆ ಹೊಳೆದಿರಲಿಲ್ಲ.