ಒಂದೇ ಕನಸು, ಎರಡು ಅರ್ಥ: ಫ್ರಾಯ್ಡ್‌ಗೆ ಯೂಂಗ್ ಹೇಳಿದ ಸುಳ್ಳು

ಹಲ್ಲು ಉದುರಿದ ಹಾಗೆ ಕನಸು ಬಿದ್ದರೆ ಹತ್ತಿರದವರಿಗೆ ಕೇಡು, ಹಾವು ಕಚ್ಚಿದರೆ ಒಳ್ಳೆಯದು. ಇಂಥ ಮಾತು ಕೇಳದವರು ಕಡಿಮೆ. ಬೆಳಿಗ್ಗೆ ಎದ್ದ ಕೂಡಲೇ ಮೊಬೈಲ್‌ನಲ್ಲಿ ಕನಸಿನ ಫಲ ಹುಡುಕುವವರೂ ಇದ್ದಾರೆ. ಆದರೆ ಎಲ್ಲರ ಕನಸಿಗೂ ಹೊಂದುವ ಒಂದು ನಿಘಂಟು ಇರಲು ಸಾಧ್ಯವೇ? ಸುಪ್ತ ಮನಸ್ಸಿನ ಇಬ್ಬರು ಮಹಾಪಂಡಿತರೇ ಒಂದು ಕನಸಿನ ವಿಷಯದಲ್ಲಿ ಒಮ್ಮತಕ್ಕೆ ಬರಲಿಲ್ಲ.

1909ರಲ್ಲಿ ವಿಯೆನ್ನಾದ ಸಿಗ್ಮಂಡ್ ಫ್ರಾಯ್ಡ್ ಮತ್ತು ಸ್ವಿಟ್ಜರ್ಲೆಂಡಿನ ಕಾರ್ಲ್ ಯೂಂಗ್ ಅಮೆರಿಕದ ಕ್ಲಾರ್ಕ್ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸ ನೀಡಲು ಒಂದೇ ಹಡಗಿನಲ್ಲಿ ಹೊರಟರು. ಫ್ರಾಯ್ಡ್‌ಗೆ 53 ವರ್ಷ, ಯೂಂಗ್‌ಗೆ 34. ದಾರಿಯಲ್ಲಿ ಒಬ್ಬರ ಕನಸಿಗೆ ಇನ್ನೊಬ್ಬರು ಅರ್ಥ ಹುಡುಕುತ್ತಿದ್ದರು.

ಯೂಂಗ್ ಹೇಳಿದ ಕನಸು ಇದು. ಎರಡು ಅಂತಸ್ತಿನ ಮನೆ. ಪರಿಚಯವಿಲ್ಲ, ಆದರೂ ತನ್ನದೇ. ಮಹಡಿಯ ಮೇಲೆ ಚೆಂದದ ಪೀಠೋಪಕರಣ, ಗೋಡೆಗೆ ಹಳೆಯ ಚಿತ್ರಗಳು. ಕೆಳಗಿಳಿದರೆ 15 ಅಥವಾ 16ನೇ ಶತಮಾನದ ಕತ್ತಲೆ ಕೋಣೆಗಳು. ಇನ್ನೂ ಇಳಿದರೆ ರೋಮನ್ ಕಾಲದ ನೆಲಮಾಳಿಗೆ. ಅಲ್ಲಿನ ಕಲ್ಲುಚಪ್ಪಡಿ ಎತ್ತಿದರೆ ಗುಹೆ. ಧೂಳಿನಲ್ಲಿ ಮೂಳೆಗಳು, ಒಡೆದ ಮಡಕೆ, ಎರಡು ತಲೆಬುರುಡೆ.

ಫ್ರಾಯ್ಡ್ ಹಿಡಿದುಕೊಂಡದ್ದು ಆ ತಲೆಬುರುಡೆಗಳನ್ನೇ. ಅದುಮಿಟ್ಟ ಆಸೆ ವೇಷ ಹಾಕಿಕೊಂಡು ಬರುವುದೇ ಕನಸು ಎಂಬುದು ಅವರ ಸಿದ್ಧಾಂತ. ಹಾಗಾದರೆ ಯೂಂಗ್ ಯಾರದೋ ಸಾವು ಬಯಸುತ್ತಿರಬೇಕು! ಅವು ಯಾರ ಬುರುಡೆಗಳು ಎಂದು ಮತ್ತೆ ಮತ್ತೆ ಕೇಳಿದರು. ಗುರುವಿನಂತಿದ್ದ ಸ್ನೇಹಿತನನ್ನು ಕಳೆದುಕೊಳ್ಳುವ ಭಯದಿಂದ ಯೂಂಗ್ ಸುಳ್ಳು ಹೇಳಿದರು: ಒಂದು ಹೆಂಡತಿಯದು, ಇನ್ನೊಂದು ನಾದಿನಿಯದು. ಫ್ರಾಯ್ಡ್‌ಗೆ ಸಮಾಧಾನವಾಯಿತಂತೆ. (ಇದೆಲ್ಲ ಯೂಂಗ್ ಇಳಿವಯಸ್ಸಿನಲ್ಲಿ ಹೇಳಿಕೊಂಡದ್ದು ಎಂಬುದೂ ನೆನಪಿರಲಿ.)

ಯೂಂಗ್‌ಗೆ ಮಾತ್ರ ಆ ಮನೆಯೇ ಮನಸ್ಸಿನಂತೆ ಕಂಡಿತು. ಮಹಡಿ ಎಂದರೆ ಎಚ್ಚರದ ಮನಸ್ಸು. ಇಳಿದಷ್ಟೂ ಹಳೆಯದು. ತಳದ ಗುಹೆ ಒಬ್ಬರ ಸೊತ್ತಲ್ಲ, ಮನುಷ್ಯಕುಲದ್ದು. ಸಾಮೂಹಿಕ ಸುಪ್ತಪ್ರಜ್ಞೆ ಎಂಬ ಅವರ ಕಲ್ಪನೆಗೆ ಇಲ್ಲಿ ಬೀಜ ಬಿತ್ತು. 1913ರ ಹೊತ್ತಿಗೆ ಇಬ್ಬರ ಸಂಬಂಧವೇ ಮುರಿದುಬಿತ್ತು.

ಇಬ್ಬರೂ ತಮಗೆ ಬೇಕಾದದ್ದನ್ನೇ ಕಂಡರು ಎಂದರೆ ತಪ್ಪಾಗಲಾರದು. ಆದರೂ ಒಂದು ವಿಷಯದಲ್ಲಿ ಇಬ್ಬರದೂ ಒಂದೇ ದಾರಿ: ಕನಸು ಕಂಡವರನ್ನು ಕೇಳದೆ ಅರ್ಥ ಹೇಳುವಂತಿಲ್ಲ. ಫ್ರಾಯ್ಡ್ ಕನಸನ್ನು ತುಂಡು ತುಂಡು ಮಾಡಿ, ಪ್ರತಿ ತುಂಡಿಗೂ ಏನು ನೆನಪಾಗುತ್ತದೆ ಎಂದು ವಿಚಾರಿಸುತ್ತಿದ್ದರು. ಹಿಂದಿನ ದಿನದ ಸಣ್ಣಪುಟ್ಟ ಘಟನೆಗಳೂ ಅಲ್ಲಿ ಸಿಗುತ್ತಿದ್ದವು. ಯೂಂಗ್ ಒಂದೇ ಕನಸನ್ನು ನಂಬದೆ ಕನಸುಗಳ ಸಾಲನ್ನೇ ನೋಡುತ್ತಿದ್ದರು.

ಇದನ್ನು ಹಲ್ಲಿನ ಕನಸಿಗೆ ಹಚ್ಚಿ ನೋಡಿ. ನಾಳೆ ದಂತವೈದ್ಯರ ಬಳಿ ಹೋಗಬೇಕಾದವರಿಗೆ ಅದು ಬರೀ ಹಲ್ಲಿರಬಹುದು. ಊರಲ್ಲಿ ಒಂಟಿಯಾಗಿರುವ ತಂದೆಗೆ ವಾರದಿಂದ ಫೋನ್ ಮಾಡದವರಿಗೆ, ಹಲ್ಲು ಎಂದೊಡನೆ ಲೋಟದ ನೀರಿನಲ್ಲಿಟ್ಟ ಅಪ್ಪನ ಹಲ್ಲುಸೆಟ್ಟು ನೆನಪಾಗಬಹುದು.