ಪಾತ್ರಧಾರಣೆಯ ಆಟಗಳಲ್ಲಿ ಲೋಕನಿರ್ಮಾಣ ಮತ್ತು ಪೂರ್ವಕಥೆ

ಕಥೆಯನ್ನು ಹೇಳುವ ಮಾಧ್ಯಮಗಳಲ್ಲಿ ವಿಡಿಯೊ ಆಟವು ತೀರ ಈಚಿನದು. ಅದರ ಪ್ರಭೇದಗಳಲ್ಲಿ ಸಾಹಿತ್ಯದ ಅಭ್ಯಾಸಿಗಳು ವಿಶೇಷವಾಗಿ ಗಮನಿಸಬೇಕಾದುದು ‘ರೋಲ್‌ಪ್ಲೇಯಿಂಗ್ ಗೇಮ್’ ಎಂಬುದು. ಇದನ್ನು ನಾವು ಪಾತ್ರಧಾರಣೆಯ ಆಟವೆಂದು ಕರೆಯಬಹುದು. ಆಡುವವನು ಒಂದು ಪಾತ್ರವನ್ನು ವಹಿಸಿಕೊಂಡು ಕಲ್ಪಿತ ಲೋಕವೊಂದರಲ್ಲಿ ಸಂಚರಿಸುತ್ತಾನೆ. ಅಲ್ಲಿಯವರೊಡನೆ ಮಾತನಾಡಿ, ಹೋರಾಡಿ, ತನ್ನ ನಿರ್ಧಾರಗಳ ಫಲವನ್ನು ತಾನೇ ಉಣ್ಣುತ್ತಾನೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬುವರು ರಚಿಸಿದ, 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಕಾಗದ-ದಾಳಗಳ ಆಟ ಈ ಪ್ರಕಾರಕ್ಕೆ ಮೂಲ. 1992ರಲ್ಲಿ ಜಪಾನಿನ ಆಸ್ಕೀ ಸಂಸ್ಥೆಯು ‘ಆರ್‌ಪಿಜಿ ಮೇಕರ್’ ಸರಣಿಯ ಸಾಧನವನ್ನು ಹೊರತಂದಿತು. ಅಂಥ ಸಾಧನಗಳು ಬಂದ ಮೇಲೆ, ಗಣಕಯಂತ್ರದ ವಿದ್ಯೆಯಲ್ಲಿ ಪಳಗದವರೂ ಮನೆಯಲ್ಲಿ ಕುಳಿತು ಆಟಗಳನ್ನು ಕಟ್ಟುವುದು ಸುಲಭವಾಯಿತು.

ಹೀಗೆ ಒಬ್ಬಿಬ್ಬರೇ ಸೇರಿ ಕಟ್ಟುವ ಆಟಕ್ಕೆ ಲೋಕವನ್ನೂ ಪೂರ್ವಕಥೆಯನ್ನೂ ಹೇಗೆ ರಚಿಸಬೇಕೆಂಬುದು ಪ್ರಕೃತ ಲೇಖನದ ವಿಷಯ. ಪೂರ್ವಕಥೆಯೆಂದರೆ ಆಟ ಆರಂಭವಾಗುವ ಮುನ್ನವೇ ಆ ಲೋಕದಲ್ಲಿ ನಡೆದುಹೋದ ಸಂಗತಿಗಳು.

ಹೊಸದಾಗಿ ಈ ಕೆಲಸಕ್ಕೆ ತೊಡಗುವವನು ಸಾಮಾನ್ಯವಾಗಿ ಮೊದಲು ಭೂಪಟವನ್ನು ಬರೆಯುತ್ತಾನೆ. ಆಮೇಲೆ ದೇವತೆಗಳು, ರಾಜವಂಶಗಳು, ಯುದ್ಧಗಳು, ಪಂಚಾಂಗ. ಇದರ ಕಾರಣವನ್ನು ಅರಿಯುವುದು ಕಷ್ಟವಲ್ಲ. ಸಾವಿರ ವರ್ಷಗಳ ಯುದ್ಧವನ್ನು ಬರೆಯಲು ಒಂದು ವಾಕ್ಯ ಸಾಕು. ಆದರೆ ಆಟದೊಳಗೆ ಒಂದೇ ಒಂದು ಕೋಣೆಯನ್ನು ನಿರ್ಮಿಸಬೇಕಾದರೆ ಚಿತ್ರ, ಸಂಗೀತ, ಮಾತು, ನಿಯಮ ಎಲ್ಲವೂ ಬೇಕು. ಸುಲಭವಾದುದರಲ್ಲಿ ಉತ್ಸಾಹವೆಲ್ಲ ವ್ಯಯವಾಗಿ, ಕಷ್ಟವಾದುದಕ್ಕೆ ಶಕ್ತಿ ಉಳಿಯದೆ ಹೋಗುವ ಅಪಾಯ ಇಲ್ಲಿದೆ. ಎಂತೋ ಆಟ ಮುಗಿಯಿತೆನ್ನೋಣ. ಆಗ ಈ ಚರಿತ್ರೆಯೆಲ್ಲ ದೀರ್ಘ ಪೀಠಿಕೆಯಾಗಿ ಆರಂಭದಲ್ಲಿಯೇ ಬಂದು ನಿಲ್ಲುತ್ತದೆ. ಆ ಲೋಕದಲ್ಲಿ ಇನ್ನೂ ಒಬ್ಬರ ಮುಖವನ್ನೂ ಕಾಣದ ಆಟಗಾರನಿಗೆ ಹತ್ತು ರಾಜರ ಹೆಸರುಗಳಿಂದ ಆಗುವ ಪ್ರಯೋಜನವೇನು? ಕಾದಂಬರಿಯ ಓದುಗ ಓದಲೆಂದು ಬಂದವನು. ಆಟಗಾರನಾದರೋ ಏನನ್ನಾದರೂ ಮಾಡಲೆಂದು ಬಂದವನು.

ಹಾಗಾದರೆ ಪೂರ್ವಕಥೆಯ ಸ್ಥಾನ ಯಾವುದು? 2015ರಲ್ಲಿ ಪ್ರಕಟವಾದ ‘ಅಂಡರ್‌ಟೇಲ್’ ಎಂಬ ಆಟ ಇದಕ್ಕೆ ಉತ್ತಮ ನಿದರ್ಶನ. ಅಮೆರಿಕದ ಟೋಬಿ ಫಾಕ್ಸ್ ಅದರ ಕಥೆ, ಸಂಗೀತ, ರಚನೆಗಳನ್ನು ಬಹುಮಟ್ಟಿಗೆ ಒಬ್ಬರೇ ನಿರ್ವಹಿಸಿದರು. ಚಿತ್ರಕಾರ್ಯದಲ್ಲಿ ಟೆಮ್ಮಿ ಚಾಂಗ್ ನೆರವಾದರು. 2013ರಲ್ಲಿ ಸಾರ್ವಜನಿಕರಿಂದ 5,000 ಡಾಲರುಗಳ ವಂತಿಗೆಯನ್ನು ಕೇಳಲಾಗಿ, 51,000 ಡಾಲರುಗಳಿಗೂ ಮಿಕ್ಕು ಕೂಡಿತು. ಆಟದ ಪೀಠಿಕೆ ಕೆಲವೇ ವಾಕ್ಯಗಳದು. ಹಿಂದೆ ಮನುಷ್ಯರಿಗೂ ‘ಮಾನ್‌ಸ್ಟರ್’ ಎಂಬ ವಿಚಿತ್ರಾಕಾರದ ಜೀವಿಗಳಿಗೂ ಯುದ್ಧ ನಡೆಯಿತು. ಗೆದ್ದ ಮನುಷ್ಯರು ಸೋತವರನ್ನು ಮಂತ್ರಬಲದಿಂದ ನೆಲದಡಿಯಲ್ಲಿ ಬಂಧಿಸಿದರು. ಬಹುಕಾಲದ ಮೇಲೆ ಬೆಟ್ಟವನ್ನೇರಿದ ಮಗುವೊಂದು ಆ ಪಾತಾಳಕ್ಕೆ ಬಿದ್ದಿತು. ಆ ಮಗುವೇ ಆಟಗಾರನು ಧರಿಸುವ ಪಾತ್ರ.

ಮುಖ್ಯವಾದ ಪೂರ್ವಕಥೆ ಇದಲ್ಲ. ಈ ಮಗುವಿಗಿಂತ ಮುಂಚೆಯೂ ಮಕ್ಕಳು ಅಲ್ಲಿಗೆ ಬಿದ್ದು ಮಡಿದಿದ್ದಾರೆ. ಅವರಲ್ಲಿ ಆರು ಮಕ್ಕಳ ಆತ್ಮಗಳು ಅಲ್ಲಿಯ ರಾಜನ ವಶದಲ್ಲಿವೆ. ಆದರೆ ಆ ಆರು ಮಕ್ಕಳ ವೃತ್ತಾಂತವನ್ನು ಯಾರೂ ವಿವರವಾಗಿ ಹೇಳುವುದಿಲ್ಲ. ದಾರಿಯುದ್ದಕ್ಕೂ ಮಾಸಿದ ರಿಬ್ಬನ್ನು, ಆಟಿಕೆಯ ಚಾಕು, ಹರಿದ ನೋಟುಪುಸ್ತಕ, ಮಸುಕಾದ ಕನ್ನಡಕ, ಸುಟ್ಟ ಬಾಣಲೆ ಇವು ದೊರೆಯುತ್ತವೆ. ಆಟಗಾರನಿಗೆ ಇವು ಆಯುಧಗಳು, ರಕ್ಷೆಗಳು. ಇವೆಲ್ಲ ಯಾರವು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಉತ್ತರವನ್ನು ಊಹಿಸಿಕೊಂಡಾಗ ಮನಸ್ಸು ಭಾರವಾಗುತ್ತದೆ. ಆರಂಭದಲ್ಲಿ ಮಗುವಿಗೆ ಆಶ್ರಯವನ್ನೀಯುವ ಟೊರಿಯೆಲ್ ಎಂಬಾಕೆಯ ಮನೆಯಲ್ಲಿ ಬೇರೆ ಬೇರೆ ಅಳತೆಯ ಮಕ್ಕಳ ಪಾದರಕ್ಷೆಗಳು ತುಂಬಿದ ಪೆಟ್ಟಿಗೆಯೊಂದಿದೆ. ಆಕೆ ಮಗುವನ್ನು ಹೊರಗೆ ಬಿಡಲು ಏಕೆ ಅಂಜುತ್ತಾಳೆಂಬುದನ್ನು ಆ ಪೆಟ್ಟಿಗೆಯೇ ತಿಳಿಸುತ್ತದೆ.

ಆಟದ ಕೊನೆಯಲ್ಲಿ ಆಟಗಾರನು ರಾಜನ ಮನೆಯನ್ನು ಹೊಕ್ಕಾಗ ಅದು ಟೊರಿಯೆಲ್‌ಳ ಮನೆಯ ಮಾದರಿಯಲ್ಲಿಯೇ ಇದೆ. ಬಣ್ಣ ಮಾತ್ರ ಬೂದಿ. ಆಕೆ ಹಿಂದೆ ರಾಣಿಯಾಗಿದ್ದಳು. ಬಿದ್ದ ಮನುಷ್ಯರನ್ನೆಲ್ಲ ಕೊಲ್ಲುವೆನೆಂದು ರಾಜನು ಸಾರಿದಾಗ ಅವನನ್ನು ತೊರೆದು ಬಂದವಳು. ಸತ್ತ ರಾಜಕುಮಾರನ ಮತ್ತು ಆ ಮನೆಯಲ್ಲಿ ಬೆಳೆದ ಮೊದಲ ಮನುಷ್ಯಶಿಶುವಿನ ಕಥೆಯನ್ನು ಸಾಮಾನ್ಯವಾಗಿ ಆಟಗಾರನು ಕೇಳುವುದು ಇಲ್ಲಿ, ಈ ಮನೆಯಲ್ಲಿ ನಡೆಯುತ್ತಿರುವಾಗ. ಇದೇ ಕಥೆ ಪೀಠಿಕೆಯಲ್ಲಿ ಬಂದಿದ್ದರೆ ಬರಿಯ ಮಾಹಿತಿಯಾಗುತ್ತಿತ್ತು. ಇಲ್ಲಿ ಅದು ದುಃಖವಾಗುತ್ತದೆ. ಏಕೆಂದರೆ ಕಳೆದುಹೋದುದರ ಬೆಲೆಯನ್ನು ಆಟಗಾರನು ಆಗಲೇ ಬಲ್ಲನು.

ಇನ್ನೊಂದು ಅಂಶವನ್ನೂ ಗಮನಿಸಬೇಕು. ಇಂಥ ಆಟಗಳಲ್ಲಿ ಎದುರಾಳಿಯನ್ನು ಕೊಂದಷ್ಟೂ ಅಂಕಗಳು ಹೆಚ್ಚುವುದು ವಾಡಿಕೆ. ‘ಅಂಡರ್‌ಟೇಲ್’ನಲ್ಲಿ ಯಾರನ್ನೂ ಕೊಲ್ಲದೆ ಆಟವನ್ನು ಮುಗಿಸಬಹುದು, ಆ ಅಂಕಗಳು ಆಟಗಾರನು ಮಾಡಿದ ಹಿಂಸೆಯ ಅಳತೆಯೆಂಬುದು ಕೊನೆಗೆ ಬಯಲಾಗುತ್ತದೆ. ಹಳೆಯ ಯುದ್ಧವನ್ನು ಮುಂದುವರಿಸುವುದೋ ನಿಲ್ಲಿಸುವುದೋ ಆಟಗಾರನ ಕೈಯಲ್ಲಿದೆ. ಪೂರ್ವಕಥೆ ಆಟದ ನಿಯಮದೊಳಗೇ ಸೇರಿಹೋಗಿರುವುದು ಹೀಗೆ.

ಒಂಬತ್ತನೆಯ ಶತಮಾನದ ಆನಂದವರ್ಧನನ ಧ್ವನಿಸಿದ್ಧಾಂತವನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ವಾಚ್ಯವಾಗಿ ಹೇಳದೆ ಉಳಿದುದು ಸಹೃದಯನಲ್ಲಿ ಹೊಳೆಯುತ್ತದೆ. ಆದರೆ ಒಂದು ವ್ಯತ್ಯಾಸವುಂಟು. ಕಾವ್ಯದಲ್ಲಿ ಪದಗಳ ಕ್ರಮ ಕವಿಯ ಅಧೀನ. ಆಟದಲ್ಲಿ ಯಾವುದನ್ನು ಮೊದಲು ನೋಡಬೇಕೆಂಬುದನ್ನು ಬಹುಮಟ್ಟಿಗೆ ಆಟಗಾರನೇ ನಿರ್ಧರಿಸುತ್ತಾನೆ. ಕೆಲವನ್ನು ಅವನು ನೋಡದೆಯೂ ಹೋಗಬಹುದು. ಆದುದರಿಂದ ಪ್ರತಿಯೊಂದು ಗುರುತೂ ಬಿಡಿಯಾಗಿ ಅರ್ಥ ಕೊಡಬೇಕು. ಕೂಡಿದಾಗ ಹೆಚ್ಚಿನ ಅರ್ಥವನ್ನು ಕೊಡಬೇಕು.

ಈ ತತ್ತ್ವವನ್ನು ಕಾರ್ಯಕ್ಕೆ ತರುವ ಬಗೆಯನ್ನು ಒಂದು ಕಲ್ಪಿತ ಉದಾಹರಣೆಯಿಂದ ವಿಶದಪಡಿಸಬಹುದು. ಒಂದು ಊರು, ನಲವತ್ತು ವರ್ಷಗಳ ಹಿಂದೆ ಅದರ ಕೆರೆಯ ಏರಿ ಒಡೆಯಿತು. ಪೂರ್ವಕಥೆ ಇಷ್ಟೇ. ಇನ್ನು ಅದರ ಗುರುತುಗಳನ್ನು ಹುಡುಕಬೇಕು. ಸ್ಥಳದಲ್ಲಿ: ಒಣನೆಲಕ್ಕೆ ಇಳಿಯುವ ಸೋಪಾನ. ವಸ್ತುವಿನಲ್ಲಿ: ದನಗಳಿಗೆ ಬಾನಿಯಾಗಿರುವ ಹಳೆಯ ದೋಣಿ. ಮಾತಿನಲ್ಲಿ: ಮಕ್ಕಳು ಇಂದಿಗೂ ಒಂದು ಮನೆಯನ್ನು ಅಂಬಿಗರ ಮನೆಯೆನ್ನುತ್ತಾರೆ, ಏಕೆಂದು ಅರಿಯರು. ಜನರಲ್ಲಿ: ತೂಬನ್ನು ಕಾಯುತ್ತಿದ್ದ ಮನೆತನಕ್ಕೂ ಮುಳುಗಿದ ಹೊಲದ ಒಡೆಯರಿಗೂ ಮಾತಿಲ್ಲ; ತಪ್ಪು ಯಾರದೆಂಬುದಕ್ಕೆ ಎರಡು ಕಥೆಗಳಿವೆ. ನಿಯಮದಲ್ಲಿ: ಆ ಊರಿನ ಅಂಗಡಿಯಲ್ಲಿ ಅನ್ನಕ್ಕಿಂತ ನೀರಿಗೆ ಬೆಲೆ ಹೆಚ್ಚು. ಕೆರೆಯನ್ನು ಮತ್ತೆ ಕಟ್ಟಬೇಕಾದರೆ ಆಟಗಾರನು ಎರಡು ಮನೆಗಳನ್ನೂ ಒಂದುಗೂಡಿಸಬೇಕು. ಇಲ್ಲಿ ರಾಜವಂಶಾವಳಿಯ ಅಗತ್ಯವೇ ಬೀಳಲಿಲ್ಲ. ಚಿತ್ರಿಸಬೇಕಾದುದೂ ನಾಲ್ಕಾರು ದೃಶ್ಯಗಳು ಮಾತ್ರ. ಒಬ್ಬನೇ ಮಾಡಬಹುದಾದ ಕೆಲಸವಿದು.

ಹಾಗೆಂದು ಲೇಖಕನು ತನ್ನ ಲೋಕದ ವಿಷಯವಾಗಿ ಹೆಚ್ಚು ಯೋಚಿಸಬಾರದೆಂದಲ್ಲ. ಏರಿ ನಿಜವಾಗಿ ಏಕೆ ಒಡೆಯಿತೆಂಬುದನ್ನು ಅವನು ಅರಿತಿರಲೇಬೇಕು. ಇಲ್ಲವಾದರೆ ಎರಡು ಕಥೆಗಳೂ ಸಡಿಲವಾಗುತ್ತವೆ. ಎಷ್ಟನ್ನು ಮುಚ್ಚಿಡಬಹುದೆಂಬುದಕ್ಕೆ ಕಿಕಿಯಾಮಾ ಎಂಬ ಗುಪ್ತನಾಮದವರು ‘ಆರ್‌ಪಿಜಿ ಮೇಕರ್’ ಸಾಧನದಿಂದಲೇ ರಚಿಸಿ 2004ರಲ್ಲಿ ಪ್ರಕಟಿಸಿದ ‘ಯುಮೆ ನಿಕ್ಕಿ’ ಎಂಬ ಜಪಾನೀ ಆಟ ಒಂದು ಮೇರೆ. ಕೋಣೆಯಿಂದ ಹೊರಗೆ ಹೋಗಲೊಲ್ಲದ ಹುಡುಗಿಯ ಕನಸುಗಳಲ್ಲಿ ಅಲೆಯುವುದೇ ಆಟ. ಸಂಭಾಷಣೆಯಿಲ್ಲ, ಕಾರಣದ ವಿವರಣೆಯೂ ಇಲ್ಲ. ಆದರೂ ಆ ಮುಚ್ಚಿದ ಬಾಗಿಲಿನ ಹಿಂದೆ ಏನೋ ನಡೆದಿರಬೇಕೆಂಬ ಭಾವನೆ ಆಟಗಾರನನ್ನು ಬಿಡುವುದಿಲ್ಲ.

ಮೇಲಿನ ವಿವೇಚನೆಯಿಂದ ಒಂದು ಪರೀಕ್ಷೆ ದೊರೆಯುತ್ತದೆ. ಬರೆದಿಟ್ಟ ಪ್ರತಿಯೊಂದು ಹಳೆಯ ಸಂಗತಿಯನ್ನೂ ಕುರಿತು ಹೀಗೆ ಕೇಳಬೇಕು: ಇದರಿಂದ ಈ ಲೋಕದಲ್ಲಿ ಇಂದು ಏನು ಮುರಿದಿದೆ, ಯಾರು ಮೌನವಾಗಿದ್ದಾರೆ, ಆಟಗಾರನು ಅದಕ್ಕೆ ಏನು ಮಾಡಬಲ್ಲನು? ಉತ್ತರವಿಲ್ಲದ ಸಂಗತಿಯು ಎಷ್ಟೇ ಭವ್ಯವಾಗಿರಲಿ, ಅದು ಟಿಪ್ಪಣಿಯ ಪುಸ್ತಕದಲ್ಲಿಯೇ ಉಳಿಯಲಿ. ಉತ್ತರವಿರುವ ಸಂಗತಿ ಒಂದೇ ಆದರೂ ಅದರಿಂದ ಒಂದು ಲೋಕ ಹುಟ್ಟುತ್ತದೆ.